ನಕ್ಷೆಯಲ್ಲಿ ನಮ್ಮ ಕೇರಿ ಎಲ್ಲಿದೆ?

(ಶಿರಸಿ, ಸಿದ್ದಾಪುರ, ಯಲ್ಲಾಪುರ ಹಾಸ್ಟೆಲುಗಳ ವಿದ್ಯಾರ್ಥಿಗಳು ಶಿರಸಿಯಲ್ಲಿ ಸೇರಿದ್ದಾಗ ಆಡಿದ ಮಾತುಗಳ ಬರಹ ರೂಪ)



ಇವತ್ತು ವಿಮಾನ ನಿಲ್ದಾಣದ ಬಗ್ಗೆ ಮಾತಾಡ್ತೇನೆ ಅಂದಾಗ ನಿಮ್ಮಲ್ಲಿ ಕೆಲವರು ನಕ್ಕಿರಿ. ನಮ್ಮ ಊರಿಗೆ ಬಸ್ಸೇ ಸರಿಯಾಗಿ ಬರೋದಿಲ್ಲ, ಹಾಸ್ಟೆಲಿನ ಅನ್ನದಲ್ಲಿ ಕಲ್ಲು ಆರಿಸೋದೇ ಮುಗಿಯೋದಿಲ್ಲ, ವಿಮಾನದ ಮಾತು ಯಾಕೆ ಅಂತ. ನ್ಯಾಯವಾದ ಪ್ರಶ್ನೆ. ವಿಮಾನ ಹತ್ತುವವರು ಯಾರು ಅನ್ನೋದು ಎಲ್ಲರಿಗೂ ಗೊತ್ತು. ಅದು ಇಳಿಯುವುದು ಯಾರ ನೆಲದ ಮೇಲೆ ಅಂತ ಕೇಳಿ. ಆಗ ಅದು ನಮ್ಮ ವಿಷಯ ಆಗ್ತದೆ.

ಇನ್ನೊಂದು ಕಾರಣವೂ ಇದೆ. ಈ ಮೂರು ತಾಲ್ಲೂಕುಗಳಲ್ಲಿ ಎರಡು ಮಾತುಗಳನ್ನು ಕೇಳಿ ಕೇಳಿ ನಿಮ್ಮ ಕಿವಿ ತುಂಬಿವೆ. ಒಂದು ಅಭಿವೃದ್ಧಿ, ಇನ್ನೊಂದು ಪರಿಸರ. ಅಭಿವೃದ್ಧಿ ಬೇಕು ಅನ್ನುವವರು ಒಂದು ವೇದಿಕೆ ಹಾಕ್ತಾರೆ. ಪರಿಸರ ಉಳಿಸಿ ಅನ್ನುವವರು ಇನ್ನೊಂದು ವೇದಿಕೆ ಹಾಕ್ತಾರೆ. ಎರಡೂ ಕಡೆ ಶಾಮಿಯಾನ ಕಟ್ಟುವವರು ನಮ್ಮವರೇ. ಎರಡೂ ಕಡೆ ನಕ್ಷೆ ಬಿಡಿಸ್ತಾರೆ. ಆ ಎರಡು ನಕ್ಷೆಗಳಲ್ಲೂ ನಮ್ಮ ಕೇರಿ ಇರುವ ಜಾಗದಲ್ಲಿ ಏನೂ ಬರೆದಿರೋದಿಲ್ಲ. ಖಾಲಿ ಜಾಗ! ಅದನ್ನೇ ಇವತ್ತು ನಿಮ್ಮ ಮುಂದೆ ಇಡ್ತೇನೆ.

ಬೇಲಿಯ ಆಚೆಗೂ ಇರುವ ನಿಲ್ದಾಣ

ಪೇಪರಿನಲ್ಲಿ ಬರುವುದು ರನ್‌ವೇಯ ಫೋಟೋ. ಸಿದ್ದಾಪುರದವರಿಗೆ ದೂರವಲ್ಲದ ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ನಿಲ್ದಾಣದ ರನ್‌ವೇ 3.2 ಕಿಲೋಮೀಟರು. ಆದರೆ ನಿಲ್ದಾಣದ ಕಾನೂನು ಅದರ ಬೇಲಿಯ ಹತ್ತಿರ ನಿಲ್ಲೋದಿಲ್ಲ. ಕೆರೆಗೆ ಕಲ್ಲು ಒಗೆದರೆ ಅಲೆ ಹೋಗುವ ಹಾಗೆ ಸುತ್ತು ಸುತ್ತಾಗಿ ಹೊರಗೆ ಹೋಗ್ತದೆ.

ಮೊದಲ ಸುತ್ತು, ಸ್ವಾಧೀನ ಮಾಡಿಕೊಂಡ ಜಮೀನು. ಎರಡನೇ ಸುತ್ತು, ಹಕ್ಕಿಗಳ ಸುತ್ತು. ಅದನ್ನು ಆಮೇಲೆ ಹೇಳ್ತೇನೆ. ಮೂರನೇದು ಸುಮಾರು 20 ಕಿಲೋಮೀಟರಿನ ತನಕ ಹೋಗುವ ಎತ್ತರದ ಸುತ್ತು. ಅಲ್ಲಿ ಕಟ್ಟಡ, ಟವರು ಎಷ್ಟು ಎತ್ತರ ಇರಬಹುದು ಅಂತ ಬಣ್ಣ ಬಳಿದ ನಕ್ಷೆ ಇರ್ತದೆ. ಹೆಂಚಿನ ಮನೆಯವರಿಗೆ ಅದರಿಂದ ತೊಂದರೆ ಕಡಿಮೆ. ನಾಲ್ಕನೇದು ಯೋಜನಾ ಪ್ರಾಧಿಕಾರದ ಸುತ್ತು. ಬೆಂಗಳೂರಿನ ದೇವನಹಳ್ಳಿ ನಿಲ್ದಾಣದ ಸುತ್ತಲಿನ ಹಳ್ಳಿಗಳಿಗೆ ಅಂತಲೇ ಪ್ರತ್ಯೇಕ ಪ್ರಾಧಿಕಾರ ಇದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕೆಳಗೆ ಅದು ಮಹಾಯೋಜನೆ ಅಂತ ಮಾಡ್ತದೆ. ವಾಸಕ್ಕೆ ಒಂದು ಬಣ್ಣ, ಕೈಗಾರಿಕೆಗೆ ಒಂದು ಬಣ್ಣ, ವ್ಯವಸಾಯಕ್ಕೆ, ಉದ್ಯಾನಕ್ಕೆ ಹಸಿರು.

ಈ ಬಣ್ಣ ಅನ್ನೋದು ಹುಡುಗಾಟವಲ್ಲ. ಹಸಿರು ಬಳಿದ ಕಡೆ ನೀವು ನಿಮ್ಮ ಸ್ವಂತ ಮೂರು ಗುಂಟೆಯಲ್ಲಿ ಮಗನಿಗೆ ಒಂದು ಕೋಣೆ ಕಟ್ಟಬೇಕಾದರೂ ಅನುಮತಿ, ಅರ್ಜಿ, ಅಲೆದಾಟ. ಅದೇ ಹಸಿರಿನ ಮೇಲೆ ಸರ್ಕಾರ ಕೈಗಾರಿಕಾ ಪ್ರದೇಶ ಅಂತ ಒಂದು ಅಧಿಸೂಚನೆ ಹೊರಡಿಸಿದರೆ ಬಣ್ಣ ಬದಲಾಗ್ತದೆ. ಬಡವನ ಕೋಣೆಗೆ ಅಡ್ಡ ಬಂದ ಹಸಿರು ಕಾರ್ಖಾನೆಗೆ ಅಡ್ಡ ಬರೋದಿಲ್ಲ. ಯಾಕೆ?

ಚರ್ಮ ಸುಲಿಯುವವರು, ಮೀನು ಮಾರುವವರು

ಈಗ ಆ ಎರಡನೇ ಸುತ್ತು. 1937ರ ವಿಮಾನ ನಿಯಮಗಳಲ್ಲಿ 91ನೇದು ಅಂತ ಒಂದು ನಿಯಮ ಬಂತು. ನಿಲ್ದಾಣದ ಗುರುತು ಬಿಂದುವಿನಿಂದ 10 ಕಿಲೋಮೀಟರು ಒಳಗೆ ಪ್ರಾಣಿ ಕೊಯ್ಯಬಾರದು, ಚರ್ಮ ಸುಲಿಯಬಾರದು, ಮಾಂಸದಂಗಡಿ ಮೀನಂಗಡಿಗಳ ಹೊಲಸು, ಊರಿನ ಕಸ ಎಸೆಯಬಾರದು ಅಂತ. ಕಾರಣ ಸುಳ್ಳಲ್ಲ. ಹದ್ದು, ಕಾಗೆ ಬಂದು ವಿಮಾನದ ಇಂಜಿನಿಗೆ ಬಡಿದರೆ ಜೀವ ಹೋಗ್ತದೆ. ಜೀವ ಉಳಿಸುವ ನಿಯಮಕ್ಕೆ ನಮ್ಮ ವಿರೋಧ ಇಲ್ಲ.

ಆದರೆ ಈ ದೇಶದಲ್ಲಿ ಚರ್ಮ ಸುಲಿಯುವ ಕೆಲಸ ಯಾರ ತಲೆಗೆ ಕಟ್ಟಿದ್ದಾರೆ? ಕಸ ಎತ್ತುವ ಕೆಲಸ ಯಾರದ್ದು? ನಿಯಮದಲ್ಲಿ ಜಾತಿಯ ಹೆಸರಿಲ್ಲ, ನಿಯಮ ಹೋಗಿ ತಟ್ಟುವುದು ಮಾತ್ರ ಗುರುತಿನ ಬಾಗಿಲನ್ನೇ. 2025ರಲ್ಲಿ ಯಲಹಂಕದ ವಾಯುನೆಲೆಯಲ್ಲಿ ವಿಮಾನ ಪ್ರದರ್ಶನ ಇತ್ತು. ಅದಕ್ಕಾಗಿ ಸುತ್ತ 13 ಕಿಲೋಮೀಟರು ಒಳಗೆ ಜನವರಿ 23ರಿಂದ ಫೆಬ್ರವರಿ 17ರ ತನಕ ಮಾಂಸದಂಗಡಿ ಮುಚ್ಚಿ ಅಂತ ಬೆಂಗಳೂರು ಪಾಲಿಕೆ ಆದೇಶ ಮಾಡಿತು. ಮೂರು ವಾರಕ್ಕಿಂತ ಹೆಚ್ಚು. ಅಂಗಡಿಯವನು ಹೇಗೋ ತಡಕೊಂಡಾನು. ಅಲ್ಲಿ ದಿನಗೂಲಿಗೆ ಕತ್ತರಿಸುವವನು ಏನು ತಿನ್ನಬೇಕು?

ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇತ್ತು. ಹಕ್ಕಿ ಬರದ ಹಾಗೆ ತಕ್ಕ ವ್ಯವಸ್ಥೆ ಮಾಡಿದ್ದರೆ ಮೇಲಿನ ಅಧಿಕಾರಿ ಅನುಮತಿ ಕೊಡಬಹುದು ಅಂತ. ನಮ್ಮ ಪ್ರಶ್ನೆ ಇರೋದು ಅಲ್ಲೇ. ಆ ವ್ಯವಸ್ಥೆ ಯಾರು ಮಾಡಬೇಕು? ಮುಚ್ಚಿದ ಕಸಾಯಿಖಾನೆ, ಮಂಜುಗಡ್ಡೆ ಇರುವ ಮೀನು ಮಾರುಕಟ್ಟೆ, ಕೈ ಮುಟ್ಟದೆ ಕಸ ಸಾಗಿಸುವ ಘಟಕ, ಇವಕ್ಕೆ ನಿಲ್ದಾಣದ ದುಡ್ಡಿನಲ್ಲೇ ಪಾಲು ಇಡಿ ಅಂತ ಯೋಜನೆ ಬರೆಯುವಾಗಲೇ ಕೇಳಬೇಕು. ಕೇಳದಿದ್ದರೆ ನಿಷೇಧ ಮಾತ್ರ ಜಾರಿಗೆ ಬರ್ತದೆ, ವ್ಯವಸ್ಥೆ ಕಡತದಲ್ಲಿ ಮಲಗ್ತದೆ.

ದೇವನಹಳ್ಳಿ ಕಲಿಸಿದ ಪಾಠ

2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ಹಾರಿತು. ನಿಲ್ದಾಣಕ್ಕೇ ಸುಮಾರು 4,000 ಎಕರೆ ಹೋಯಿತು. ಅಲ್ಲಿಗೆ ಮುಗಿಯಿತಾ? ಇಲ್ಲ. ನಿಲ್ದಾಣ ಬಂದ ಮೇಲೆ ಅದರ ಸುತ್ತಲಿನ ನೆಲಕ್ಕೆ ಚಿನ್ನದ ಬೆಲೆ ಬಂತು, ಬೆಲೆ ಬಂದ ನೆಲದ ಮೇಲೆ ಕಣ್ಣು ಬಿತ್ತು. 2022ರಲ್ಲಿ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ವಿಮಾನ ಮತ್ತು ರಕ್ಷಣಾ ಉದ್ದಿಮೆಗಳ ಪಾರ್ಕಿಗೆ ಅಂತ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಹಿಡಿಯಲು ಹೊರಟಿತು. ರಾಗಿ, ದ್ರಾಕ್ಷಿ, ತರಕಾರಿ, ಹಾಲು ಕೊಡುವ ನೆಲ. ಅಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿಯವರು. ಬಹಳ ಮಂದಿ ದಲಿತರು.

ಕಾನೂನಿನ ಕೀಲಿ ಎಲ್ಲಿದೆ ಅಂತ ಇಲ್ಲಿ ತಿಳಿಯಬೇಕು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನ ಇದೆ, ಗ್ರಾಮಸಭೆಯ ಮಾತಿಗೆ ಜಾಗ ಇದೆ. ಭೂಮಿ ಇಲ್ಲದ ಕೂಲಿಯವನು ಮೂರು ವರ್ಷ ಆ ನೆಲದ ಮೇಲೆ ದುಡಿದು ಬದುಕಿದ್ದರೆ ಅವನದ್ದೂ ಬಾಧಿತ ಕುಟುಂಬ ಅಂತ ಬರೆದಿದೆ. ಆದರೆ 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಲ್ಲಿ ಈ ಮೆಟ್ಟಿಲುಗಳಿಲ್ಲ. 28(1) ಅಂತ ಮೊದಲ ನೋಟೀಸು, 30 ದಿನ ಆಕ್ಷೇಪಣೆ, ಒಂದು ವಿಚಾರಣೆ, 28(4) ಅಂತ ಕಡೆಯ ಅಧಿಸೂಚನೆ. ಸರ್ಕಾರ ಯಾವ ಬಾಗಿಲಿಂದ ಬರ್ತದೆ ಅನ್ನೋದನ್ನು ನೋಡಿ. ನಮಗೆ ಮಾತಾಡಲು ಜಾಗ ಕಡಿಮೆ ಇರುವ ಬಾಗಿಲಿಂದಲೇ ಬಂತು.

2022ರ ಏಪ್ರಿಲ್ 4ರಂದು ಆ ಜನ ಧರಣಿ ಕೂತರು. ಸರ್ಕಾರ ಬದಲಾಯಿತು, ಧರಣಿ ಬದಲಾಗಲಿಲ್ಲ. 2025ರ ಜೂನ್ 25ರಂದು ದೇವನಹಳ್ಳಿ ಚಲೋ ನಡೆದಾಗ ಪೊಲೀಸರು ಜನರನ್ನು ಎತ್ತಿ ವ್ಯಾನಿಗೆ ಹಾಕಿದರು. ಅದರಿಂದ ಹೋರಾಟ ರಾಜ್ಯಕ್ಕೆಲ್ಲ ಹಬ್ಬಿತು. ರೈತ ಸಂಘಟನೆ, ದಲಿತ ಸಂಘಟನೆ, ಕಾರ್ಮಿಕ ಸಂಘಟನೆ, ವಿದ್ಯಾರ್ಥಿಗಳು, ಬರಹಗಾರರು ಒಂದೇ ಸಾಲಿನಲ್ಲಿ ನಿಂತರು. ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ 1,777 ಎಕರೆ ಸ್ವಾಧೀನವನ್ನು ಕೈಬಿಟ್ಟೆವು ಅಂತ ಹೇಳಬೇಕಾಯಿತು. ಲೆಕ್ಕ ಹಾಕಿ, 1,198 ದಿನ. ತಾವಾಗಿ ಜಮೀನು ಕೊಡುವವರಿಂದ ತಗೊಳ್ತೇವೆ ಅನ್ನುವ ಮಾತನ್ನೂ ಅವರು ಅದೇ ದಿನ ಸೇರಿಸಿದರು. ಸಾಲದಲ್ಲಿ ಮುಳುಗಿದವನ ಒಪ್ಪಿಗೆ ಎಷ್ಟು ಸ್ವಂತದ್ದು ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅದಕ್ಕೇ ಗೆದ್ದ ಮೇಲೂ ಕಾಯಬೇಕು.

ಘಟ್ಟದ ಕೆಳಗೆ

ಈಗ ನಮ್ಮ ಜಿಲ್ಲೆಗೆ ಬನ್ನಿ. 1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿ ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಕಾರವಾರ, ಅಂಕೋಲಾದ ಕರಾವಳಿಯಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದವು. 2005ರಲ್ಲಿ ಐ.ಎನ್.ಎಸ್. ಕದಂಬ ಅಂತ ನೆಲೆ ಉದ್ಘಾಟನೆ ಆಯಿತು. ಪರಿಹಾರದ ಮೊಕದ್ದಮೆಗಳು ಅದರ ನಂತರವೂ ವರ್ಷಗಟ್ಟಲೆ ನಡೆದವು. ಅರ್ಜಿ ಹಾಕಿದ ಅಪ್ಪ ತೀರಿಕೊಂಡು ಮಗ ವಾಯಿದೆಗೆ ಹೋದ ಮನೆಗಳಿವೆ. ಅದೇ ಸಪೂರ ಪಟ್ಟಿಯ ಮೇಲೆ ಕೊಂಕಣ ರೈಲು ಬಂತು, ಚತುಷ್ಪಥ ಹೆದ್ದಾರಿ ಬಂತು. ಆಮೇಲೆ ನೌಕಾಪಡೆಯ ವಿಮಾನ ನೆಲೆ, ಅದಕ್ಕೆ ಅಂಟಿಕೊಂಡು ಸಾರ್ವಜನಿಕರಿಗೆ ವಿಮಾನ ನಿಲ್ದಾಣ ಅಂತ ಅಂಕೋಲಾದ ಅಲಗೇರಿ, ಬೇಲೇಕೇರಿ, ಭಾವಿಕೇರಿ ಭಾಗಕ್ಕೆ ಗುರುತು ಹಾಕಿದರು. ಊರವರು ವಿರೋಧಿಸಿದರು. ಒಂದೇ ನೆಲ ಎಷ್ಟು ಸಲ ದೇಶಸೇವೆ ಮಾಡಬೇಕು ಸ್ವಾಮಿ?

ಪರಿಸರ ಕಾನೂನು ಇಲ್ಲಿ ಏನು ಹೇಳ್ತದೆ? 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ವಿಮಾನ ನಿಲ್ದಾಣ ಮೊದಲ ದರ್ಜೆಯ ಯೋಜನೆ. ದಿಲ್ಲಿಯ ಅನುಮತಿ ಬೇಕು, ಸಾರ್ವಜನಿಕ ಅಹವಾಲು ನಡೆಸಬೇಕು. ಆದರೆ ದೇಶದ ರಕ್ಷಣೆಗೆ ಸಂಬಂಧಿಸಿದ ಯೋಜನೆಗೆ ಅಹವಾಲಿನಿಂದ ವಿನಾಯಿತಿ ಅಂತ ಅದರಲ್ಲೇ ಇದೆ. ಹಾಗಾದರೆ ರನ್‌ವೇ ನೌಕಾಪಡೆಯದ್ದು, ಟಿಕೇಟು ಮಾರುವ ಕಟ್ಟಡ ಸಾರ್ವಜನಿಕರದ್ದು ಅಂದಾಗ ಊರವರ ಮಾತು ಕೇಳುವುದು ಎಷ್ಟಕ್ಕೆ? ಗೋಡೆಗೆ ಮಾತ್ರವೋ, ನೆಲಕ್ಕೂ ಉಂಟೋ? ಬೇಲೇಕೇರಿಯ ಮೀನು ಹೊರುವ ಹೆಂಗಸಿಗೆ ಆ 10 ಕಿಲೋಮೀಟರಿನ ನಿಯಮ ಯಾರು ಓದಿ ಹೇಳ್ತಾರೆ? ಈ ಪ್ರಶ್ನೆಗಳನ್ನು ಅಂಕೋಲಾದವರು ಮಾತ್ರ ಕೇಳಲಿ ಅಂತ ನಾವು ಘಟ್ಟದ ಮೇಲೆ ಕೂತಿರುವ ಹಾಗಿಲ್ಲ.

ಘಟ್ಟದ ಮೇಲೆ

ಯಾಕೆಂದರೆ ಇಲ್ಲೂ ಅದೇ ಬಣ್ಣದ ಆಟ. ಈ ಜಿಲ್ಲೆಯ ಬಹುಪಾಲು ನೆಲ ಕಾಡು ಅಂತ ದಾಖಲೆಯಲ್ಲಿದೆ. ಆ ಹಸಿರಿನೊಳಗೆ ಎರಡು ಹೆಸರುಗಳಿವೆ. ಅಡಿಕೆ ತೋಟ ಇದ್ದವರಿಗೆ ತೋಟಕ್ಕೆ ಸೊಪ್ಪು ತರಲು ಒಂದು ಎಕರೆಗೆ ಒಂಬತ್ತು ಎಕರೆಯ ತನಕ ಸೊಪ್ಪಿನ ಬೆಟ್ಟ ಅಂತ ಬ್ರಿಟಿಷರ ಕಾಲದಿಂದ ಸವಲತ್ತು ಬಂತು. ಅದಕ್ಕೆ ‘ಬೆಟ್ಟ’ ಅಂತ ಗೌರವದ ಹೆಸರು. ಅದೇ ತೋಟದಲ್ಲಿ ಕೂಲಿ ಮಾಡಿ, ಕಾಡಂಚಿನಲ್ಲಿ ಹತ್ತು ಗುಂಟೆ ಗದ್ದೆ ತೆಗೆದವನಿಗೆ ‘ಅತಿಕ್ರಮಣದಾರ’ ಅಂತ ಹೆಸರು. ಮರ ಒಂದೇ, ಮಣ್ಣು ಒಂದೇ. ಹೆಸರು ಮಾತ್ರ ಬೇರೆ ಬೇರೆ.

2006ರ ಅರಣ್ಯ ಹಕ್ಕು ಕಾಯ್ದೆ ಬಂತು. ಒಳ್ಳೆಯ ಕಾಯ್ದೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಬಂಧುಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದರಿಂದ ಅವರಿಗೆ ಒಂದು ದಾರಿ ಸಿಕ್ಕಿತು. ಆದರೆ ಪರಿಶಿಷ್ಟ ಜಾತಿಯವರು ಆ ಕಾಯ್ದೆಯಲ್ಲಿ ‘ಇತರ ಪಾರಂಪರಿಕ ಅರಣ್ಯವಾಸಿಗಳು’. 2005ರ ಡಿಸೆಂಬರ್ 13ಕ್ಕೆ ಹಿಂದೆ ಮೂರು ತಲೆಮಾರು, ಅಂದ್ರೆ 75 ವರ್ಷ, ಅಲ್ಲಿ ಇದ್ದೆವು ಅಂತ ತೋರಿಸಬೇಕು. ಲೆಕ್ಕ ಹಾಕಿ, 1930ಕ್ಕೆ ಹೋಗ್ತದೆ. 1930ರಲ್ಲಿ ನಮ್ಮ ಮುತ್ತಜ್ಜ ಕಾಗದ ಬರೆಸಲು ಯಾರ ಜಗಲಿ ಹತ್ತಬಹುದಿತ್ತು? ಅಕ್ಷರ ಕೊಡದ ಸಮಾಜ ಈಗ ಅಕ್ಷರದ ಸಾಕ್ಷಿ ಕೇಳ್ತದೆ!

ಅಷ್ಟಕ್ಕೇ ಕೈಕಟ್ಟಿ ಕೂರಬೇಡಿ. ಆ ಕಾಯ್ದೆಯ ನಿಯಮಗಳಲ್ಲಿ 13ನೇದನ್ನು ಓದಿ. ಸರ್ಕಾರಿ ಕಾಗದ ಮಾತ್ರ ಸಾಕ್ಷಿ ಅಂತ ಅಲ್ಲಿಲ್ಲ. ಊರಿನ ಹಿರಿಯರ ಹೇಳಿಕೆ ಬರೆದುಕೊಂಡರೆ ಅದೂ ಸಾಕ್ಷಿ. ಹಳೇ ಬಾವಿ, ಮನೆಯ ಪಾಯ, ನಮ್ಮವರನ್ನು ಹೂಳಿದ ಜಾಗ, ದೇವರ ಕಲ್ಲು, ಇವೂ ಸಾಕ್ಷಿ. ಹಕ್ಕಿನ ಅರ್ಜಿ ಮೊದಲು ಹೋಗುವುದು ಗ್ರಾಮಸಭೆಗೆ. ಒಡಿಶಾದ ನಿಯಮಗಿರಿಯಲ್ಲಿ ಗಣಿ ಕಂಪನಿಗೆ ಬೆಟ್ಟ ಕೊಡಬೇಕೋ ಬೇಡವೋ ಅಂತ 2013ರಲ್ಲಿ 12 ಗ್ರಾಮಸಭೆಗಳಿಗೆ ಸುಪ್ರೀಂ ಕೋರ್ಟು ಬಿಟ್ಟಾಗ ಹನ್ನೆರಡೂ ಬೇಡ ಅಂದವು. ಬೆಟ್ಟ ಉಳಿಯಿತು, ಜನರೂ ಉಳಿದರು. ಕಾಡು ಉಳಿಸಲು ಬಡವನನ್ನು ಹೊರಗೆ ಹಾಕಬೇಕು ಅನ್ನುವವರಿಗೆ ಈ ಒಂದು ಉದಾಹರಣೆ ಸಾಕು.

ಮೇಜಿನ ಸುತ್ತ ಯಾರಿದ್ದಾರೆ

ಯೋಜನೆಯನ್ನು ಜನರ ಪ್ರತಿನಿಧಿಗಳೇ ಮಾಡ್ತಾರಲ್ಲ ಅಂತ ಪಠ್ಯಪುಸ್ತಕ ಹೇಳ್ತದೆ. ಸಂವಿಧಾನದ 243 ಝಡ್‌ಡಿ ವಿಧಿಯಲ್ಲಿ ಜಿಲ್ಲಾ ಯೋಜನಾ ಸಮಿತಿ ಇದೆ. ಅದರ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಮಂದಿಯನ್ನು ಜಿಲ್ಲಾ ಪಂಚಾಯಿತಿ, ಪಟ್ಟಣಗಳ ಚುನಾಯಿತರು ತಮ್ಮೊಳಗಿಂದ ಆರಿಸಬೇಕು. ಚುನಾಯಿತರೇ ಇಲ್ಲದಿದ್ದರೆ? ನಮ್ಮ ರಾಜ್ಯದಲ್ಲಿ 2016ರಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳದ್ದೇ ಆಡಳಿತ. ಮೀಸಲು ಕ್ಷೇತ್ರದಿಂದ ಹೋಗಿ ಕೂರಬೇಕಾಗಿದ್ದ ನಮ್ಮ ಹೆಣ್ಣುಮಗಳ ಕುರ್ಚಿ ಖಾಲಿ. ಖಾಲಿ ಕುರ್ಚಿ, ಖಾಲಿ ಕೇರಿ. ನಕ್ಷೆ ಬರೆಯುವವರಿಗೆ ಇದಕ್ಕಿಂತ ಅನುಕೂಲ ಏನು ಬೇಕು?

ಆದರೂ ಕಾಗದದಲ್ಲಿ ಏನೂ ಇಲ್ಲ ಅಂತ ಎಸೆಯಬೇಡಿ. 1923ರಲ್ಲಿ ಬೊಂಬಾಯಿ ಶಾಸನ ಸಭೆಯಲ್ಲಿ ಎಸ್.ಕೆ. ಬೋಳೆ ಅವರ ಠರಾವು ಪಾಸಾಯಿತು, ಸಾರ್ವಜನಿಕ ಕೆರೆ ಬಾವಿ ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. ಆಗ ನಮ್ಮ ಜಿಲ್ಲೆಯೂ ಬೊಂಬಾಯಿ ಪ್ರಾಂತ್ಯದಲ್ಲೇ ಇತ್ತು. ಶಿರಸಿಯ ಬಾವಿಗೂ ಆ ಠರಾವು ಸೇರಿದ್ದೇ. ಮಹಾಡದ ಪುರಸಭೆ 1924ರಲ್ಲಿ ತನ್ನ ಕೆರೆ ತೆರೆದಿದೆ ಅಂತ ಬರೆಯಿತು. ಒಬ್ಬನೂ ನೀರು ಮುಟ್ಟಲಾಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ನೀರು ಮುಟ್ಟಿದ ಮೇಲೆ ಆ ಕಾಗದಕ್ಕೆ ಜೀವ ಬಂತು. ಎದುರಿನವರು ಕೋರ್ಟಿಗೆ ಹೋದರು. 1937ರಲ್ಲಿ ಹೈಕೋರ್ಟಿನಲ್ಲಿ ನಮ್ಮವರೇ ಗೆದ್ದರು. ಕಾಗದ ಒಂದೇ ಸಾಲದು, ಕಾಲು ಒಂದೇ ಸಾಲದು. ಬಾಬಾಸಾಹೇಬರಿಗೆ ಎರಡೂ ಗೊತ್ತಿತ್ತು.

ಇದೇ ಶಿರಸಿಯಲ್ಲಿ 1980ರ ಆಸುಪಾಸಿನಲ್ಲಿ ಬೇಡ್ತಿ ಅಣೆಕಟ್ಟಿನ ವಿರುದ್ಧ ತೋಟಗಾರರು ಎದ್ದಾಗ ಸರ್ಕಾರದ ಲೆಕ್ಕಕ್ಕೆ ಪ್ರತಿ ಲೆಕ್ಕ ಹಾಕಿ ತೋರಿಸಿದರು. ಯೋಜನೆ ನಿಂತಿತು. ಅವರಿಗೆ ಓದು ಇತ್ತು, ದುಡ್ಡಿತ್ತು. ನಮಗೆ ದುಡ್ಡಿಲ್ಲ. ಆದರೆ ಈಗ ಓದು ಇದೆ, ನೀವಿದ್ದೀರಿ.

ಈ ರಜೆಯ ಕೆಲಸ

ಭಾಷಣ ಕೇಳಿ ಚಪ್ಪಾಳೆ ಹೊಡೆದು ಹೋಗಬೇಡಿ. ಊರಿಗೆ ಹೋಗುವಾಗ ಒಂದು ಇನ್ನೂರು ಪುಟದ ನೋಟುಬುಕ್ಕು ಕೊಂಡುಹೋಗಿ.

ಒಂದು. ಕೇರಿಯ ಪ್ರತಿ ಮನೆಯ ಸರ್ವೆ ನಂಬರು ಬರೆಯಿರಿ. ಪಹಣಿಯಲ್ಲಿ ಯಾರ ಹೆಸರಿದೆ, ಕಾಡು ಅಂತಿದೆಯೋ, ಮಂಜೂರಿ ಜಮೀನೋ, ಬಗರ್ ಹುಕುಂ ಅರ್ಜಿ ಬಾಕಿ ಇದೆಯೋ, ಎಲ್ಲ ಬರೆಯಿರಿ. ನಮ್ಮವರಿಗೆ ಮಂಜೂರಾದ ಜಮೀನು ಬೇರೆಯವರ ಕೈಯಲ್ಲಿದ್ದರೆ ಅದನ್ನು ಬೇರೆಯಾಗಿ ಗುರುತು ಮಾಡಿ. 1978ರ ಕಾಯ್ದೆ ಇರೋದು ಅದಕ್ಕೇ.

ಎರಡು. ಎಪ್ಪತ್ತು ದಾಟಿದ ಅಜ್ಜ ಅಜ್ಜಿಯರ ಹತ್ತಿರ ಕೂತು ಯಾವ ಬಾವಿ ಯಾವಾಗ ತೋಡಿದ್ದು, ಯಾರನ್ನು ಎಲ್ಲಿ ಹೂತದ್ದು ಅಂತ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿ, ತಾರೀಖು ಹಾಕಿ. ಅವರು ಹೋದರೆ ಆ ದಾಖಲೆ ಯಾವ ಕಚೇರಿಯಲ್ಲೂ ಸಿಗೋದಿಲ್ಲ.

ಮೂರು. ಪಂಚಾಯಿತಿಯ ನೋಟೀಸು ಬೋರ್ಡು ಓದುವ ಚಾಳಿ ಬೆಳೆಸಿ. ಪರಿಸರ ಅಹವಾಲಿಗೆ ಕನಿಷ್ಠ 30 ದಿನ ಮೊದಲು ಪೇಪರಿನಲ್ಲಿ ಹಾಕಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಇರಬೇಕು. ಇಲ್ಲದಿದ್ದರೆ ಅದೇ ಮೊದಲ ಆಕ್ಷೇಪಣೆ.

ನಾಲ್ಕು. ಅಹವಾಲಿಗೆ ಇಷ್ಟು ಜನ ಬರಲೇಬೇಕು ಅಂತ ಕೋರಂ ಇಲ್ಲ. ನಾವು ಹೋಗದಿದ್ದರೂ ಅಹವಾಲು ಆಯಿತು ಅಂತಲೇ ಬರೀತಾರೆ. ಅದಕ್ಕೇ ಹೋಗಬೇಕು. ಬಾಯಲ್ಲಿ ಹೇಳಿ, ಬರೆದೂ ಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಕಡೆಗೆ ನಡಾವಳಿಯನ್ನು ಸಭೆಯಲ್ಲೇ ಜನರ ಭಾಷೆಯಲ್ಲಿ ಓದಿ ಹೇಳಬೇಕು ಅಂತ ನಿಯಮ ಇದೆ. ಓದುವ ತನಕ ಏಳಬೇಡಿ.

ಐದು. ಕೊಡದ ಕಾಗದವನ್ನು 2005ರ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ, 30 ದಿನ. ಬಡತನ ರೇಖೆಯ ಕೆಳಗಿನವರಿಗೆ ಆ ಹತ್ತು ರೂಪಾಯಿಯೂ ಇಲ್ಲ.

ನಾವು ವಿಮಾನದ ಶತ್ರುಗಳಲ್ಲ. ನಿಮ್ಮಲ್ಲೊಬ್ಬಳು ಪೈಲಟ್ ಆಗಲಿ, ಇನ್ನೊಬ್ಬ ಯೋಜನಾ ಪ್ರಾಧಿಕಾರದ ಇಂಜಿನಿಯರ್ ಆಗಲಿ. ನಾವು ಮರದ ಶತ್ರುಗಳೂ ಅಲ್ಲ. ಈ ಕಾಡಿನಲ್ಲಿ ಸೌದೆ ಹೊತ್ತವರು, ಬೆಂಕಿ ಆರಿಸಿದವರು, ದಾರಿ ತಿಳಿದವರು ನಾವೇ. ನಾವು ಕೇಳೋದು ಒಂದು: ನಿಮ್ಮ ನಕ್ಷೆಗೆ ಬಣ್ಣ ಬಳಿಯುವ ಮೊದಲು ನಮ್ಮ ಕೇರಿಯ ಹೆಸರು ಬರೆಯಿರಿ. ಅವರು ಬರೆಯೋದಿಲ್ಲ ಅಂದರೆ ಪೆನ್ನು ನಿಮ್ಮ ಜೇಬಿನಲ್ಲಿದೆ.

ಮುಂದಿನ ಸಭೆಗೆ ಬರುವಾಗ ಆ ನೋಟುಬುಕ್ಕು ತನ್ನಿ. ಮೂರು ತಾಲ್ಲೂಕಿನದ್ದನ್ನೂ ಒಟ್ಟಿಗಿಟ್ಟು ನಾವೇ ಒಂದು ನಕ್ಷೆ ಬರೆಯೋಣ.

ಜೈ ಭೀಮ್.